ಮೈಸೂರು ರಿಸಾಲೆಯ ಎಳೆಯ ಸವಾರ, ಸಮುದ್ರದಾಚೆಯ ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಂದೆಯ ತಾತನಿಗೆ ಒಬ್ಬ ತಮ್ಮ ಇದ್ದ. ಮೈಸೂರು ಲ್ಯಾನ್ಸರ್ಸ್‌ನಲ್ಲಿ, ಅಂದರೆ ಈಟಿ ಹಿಡಿಯುವ ಕುದುರೆ ಪಡೆಯಲ್ಲಿ (ರಿಸಾಲೆಯಲ್ಲಿ), ಸವಾರ. ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಕುದುರೆ ಸಮೇತ ಹಡಗು ಹತ್ತಿ ಹೋದವನು ಮರಳಲಿಲ್ಲ. ಮನೆಯಲ್ಲಿ ಉಳಿದದ್ದು ಒಂದು ಬೆಳ್ಳಿ ಪದಕ, ಒಂದು ಕಂಚಿನ ಬಿಲ್ಲೆ, ಮತ್ತೆ ಅಜ್ಜಿಯರ ಬಾಯಲ್ಲಿ ತಲೆಮಾರು ದಾಟಿ ಬಂದ ಒಂದೇ ಮಾತು: “ಕುದುರೆ ಮೇಲೆ ನುಗ್ಗಿ ತೋಪಿಗೆ ಎದೆಕೊಟ್ಟ.” ತೋಪು ಎಂದರೆ ಫಿರಂಗಿ. ಅಜ್ಜಿಯರ ಆ ಮಾತಿನ ಬೆನ್ನು ಹತ್ತಿ ಹುಡುಕುತ್ತ ಹೋದ ಹಾಗೆ, ನಮ್ಮಂಥದ್ದೇ ಟ್ರಂಕು, ನಮ್ಮಂಥದ್ದೇ ಪದಕ ಇರುವ ಬೇರೆ ಮನೆಯವರೂ ಕೇಳತೊಡಗಿದರು. ಅವರು ಕೇಳಿದ್ದನ್ನೂ ನಾನು ತಿಳಿದುಕೊಂಡಷ್ಟನ್ನೂ ಇಲ್ಲಿ ಬರೆದಿದ್ದೇನೆ.

ಮೈಸೂರು ಲ್ಯಾನ್ಸರ್ಸ್ ಬ್ರಿಟಿಷರ ಪಡೆಯೋ, ಮಹಾರಾಜರ ಪಡೆಯೋ?

ಮಹಾರಾಜರದೇ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಒಂದು ವ್ಯವಸ್ಥೆ ಮಾಡಿತು. ದೇಶೀಯ ಸಂಸ್ಥಾನಗಳು ತಮ್ಮ ಖರ್ಚಿನಲ್ಲಿ ಒಂದಷ್ಟು ಪಡೆಯನ್ನು ಸಜ್ಜಾಗಿಟ್ಟಿರಬೇಕು, ಸಾಮ್ರಾಜ್ಯಕ್ಕೆ ಬೇಕಾದಾಗ ಅದನ್ನು ಕಳಿಸಬೇಕು. ಇಂಥ ಪಡೆಗಳಿಗೆ ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್ ಎಂದು ಹೆಸರು. ಸವಾರರೂ ಅವರ ಮೇಲಿನ ಅಧಿಕಾರಿಗಳೂ ಸಂಸ್ಥಾನದವರು. ಜೊತೆಗೆ ಸಲಹೆಗೆಂದು ಕೆಲವರು ಬ್ರಿಟಿಷ್ ಅಧಿಕಾರಿಗಳು ಇರುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧ ಶುರುವಾದ ಕೂಡಲೇ ಈ ಪಡೆಯನ್ನು ಕಳಿಸಿದ್ದಲ್ಲದೆ 50 ಲಕ್ಷ ರೂಪಾಯಿಯನ್ನೂ ಕೊಟ್ಟರು. ಆ ಕಾಲದ 50 ಲಕ್ಷ.

ಕುದುರೆ ಪಡೆ ಮೈಸೂರಿಗೆ ಹೊಸದೇನಲ್ಲ. ಹೈದರಾಲಿಯ ಕಾಲದಿಂದ ಇಲ್ಲಿ ಸಿಲೇದಾರರಿದ್ದರು, ಅಂದರೆ ಸ್ವಂತ ಕುದುರೆ ತಂದು ಚಾಕರಿಗೆ ನಿಲ್ಲುವವರು. ಕುಣಿಗಲ್ಲಿನ ಕುದುರೆ ಫಾರಂ ಕೂಡ ಅದೇ ಕಾಲದ್ದು. ಬೆಂಗಳೂರಿನ ಶೇಷಾದ್ರಿಪುರದಲ್ಲಿ ಇವತ್ತಿಗೂ ರಿಸಾಲ್ದಾರ್ ರಸ್ತೆ ಇದೆ. ಆ ಹೆಸರು ಕುದುರೆ ಪಡೆಯ ಒಂದು ದರ್ಜೆಯದು ಎಂಬುದು ದಿನವೂ ಅಲ್ಲಿ ಓಡಾಡುವ ಎಷ್ಟೋ ಜನರಿಗೆ ಹೊಳೆಯುವುದಿಲ್ಲ.

ಸವಾರ, ದಫೆದಾರ, ಜಮಾದಾರ, ರಿಸಾಲ್ದಾರ: ಇವೆಲ್ಲ ಏನು?

ಸವಾರ ಎಂದರೆ ಕುದುರೆ ಪಡೆಯ ಸಾಮಾನ್ಯ ಸೈನಿಕ. ಕಾಲ್ದಳದಲ್ಲಿ ಸಿಪಾಯಿ ಇದ್ದ ಹಾಗೆ. ದಫೆದಾರ ಅವನ ಮೇಲೆ, ಹವಾಲ್ದಾರನಿಗೆ ಸಮ. ಜಮಾದಾರನೂ ರಿಸಾಲ್ದಾರನೂ ಅದಕ್ಕೂ ಮೇಲಿನವರು. ನಿಮ್ಮ ಮನೆಯ ಪದಕದಲ್ಲಿ ದರ್ಜೆ ಇಂಗ್ಲಿಷಿನಲ್ಲಿ ಚುಟುಕಾಗಿ ಕೆತ್ತಿರುತ್ತದೆ. ಒಮ್ಮೆ ಗುರುತಾಯಿತೆಂದರೆ ಓದುವುದು ಸುಲಭ.

ಅಷ್ಟು ಎಳೆಯ ಹುಡುಗ ಪಡೆಗೆ ಯಾಕೆ ಸೇರಿದ?

ಒಬ್ಬೊಬ್ಬರದು ಒಂದೊಂದು ಕಾರಣ. ಆದರೆ ಈ ರಿಸಾಲೆಯಲ್ಲಿ ಚಾಕರಿ ಬಹುಮಟ್ಟಿಗೆ ಮನೆತನದ್ದು. ಅಪ್ಪ ಸವಾರ, ಅಣ್ಣ ಸವಾರ, ಆಮೇಲೆ ತಮ್ಮ. ಮರಾಠರು, ದಖನಿ ಮುಸಲ್ಮಾನರು, ಅರಸು ಮನೆತನದವರು, ಹೀಗೆ ಹಲವರು ಒಂದೇ ಲೈನಿನಲ್ಲಿ ಇದ್ದರು. ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಕನ್ನಡ, ಪರೇಡಿನಲ್ಲಿ ಹಿಂದುಸ್ತಾನಿ. ನಮ್ಮ ಮನೆಯ ಹುಡುಗ ಲಾಯದ ವಾಸನೆಯಲ್ಲೇ ಬೆಳೆದವನು. ಅವನಿಗೆ ಅದು ಯುದ್ಧಕ್ಕೆ ಸೇರಿದ ಹಾಗಲ್ಲ, ಅಪ್ಪನ ಕೆಲಸಕ್ಕೆ ಹೋದ ಹಾಗೆ. 1914ಕ್ಕೆ ಮೊದಲು ಸೇರಿದ ಯಾವ ಹುಡುಗನಿಗೂ ಸಮುದ್ರ ದಾಟಬೇಕಾದೀತು ಎಂಬ ಅಂದಾಜು ಇದ್ದಿರಲಾರದು.

ನಮ್ಮ ಮನೆಯಲ್ಲಿ ‘ಬಸ್ರಾಕ್ಕೆ ಹೋದ’ ಅನ್ನುತ್ತಾರೆ. ಅದು ಇದೇ ಪಡೆಯೇ?

ಬಹುಶಃ ಅಲ್ಲ. ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ, ಅಲ್ಲಿಂದ ಪ್ಯಾಲೆಸ್ತೀನ್, ಸಿರಿಯಾಗಳಿಗೆ. ಬಸ್ರಾ ಇರುವುದು ಇರಾಕಿನಲ್ಲಿ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿ ಬೇರೆ ಪಡೆಗಳಲ್ಲಿದ್ದ ನಮ್ಮವರು ಆ ಕಡೆ ಹೋಗಿದ್ದಾರೆ. ಆದರೆ ಹಳೆಯವರ ಬಾಯಲ್ಲಿ ಬಸ್ರಾ ಎಂದರೆ ‘ದೂರದ ಲಡಾಯಿ’ ಎಂದಷ್ಟೇ ಅರ್ಥವಾದ ಮನೆಗಳೂ ಉಂಟು. ಆದ್ದರಿಂದ ಊರಿನ ಹೆಸರಿಗಿಂತ ಪಡೆಯ ಹೆಸರನ್ನು ನಂಬಿ. ಪದಕ ಇದ್ದರೆ ಅದರ ಅಂಚು ನೋಡಿ.

ಕುದುರೆಗಳನ್ನೂ ಹಡಗಿನಲ್ಲೇ ಒಯ್ದರೇ?

ಹೌದು. 1914ರ ಅಕ್ಟೋಬರಿನಲ್ಲಿ ರಿಸಾಲೆ ಬೆಂಗಳೂರು ಬಿಟ್ಟಿತು. ಬೊಂಬಾಯಿಯಲ್ಲಿ ಹಡಗು. ತುರ್ಕರು ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಬ್ರಿಟನ್ ತುರ್ಕರ ಮೇಲೆ ಯುದ್ಧ ಸಾರಿದ್ದು ನವೆಂಬರ್ 5ರಂದು. ಅಂದರೆ ನಮ್ಮ ಹುಡುಗರು ಊರು ಬಿಡುವಾಗ ಯಾರ ಮೇಲೆ ಈಟಿ ಎತ್ತಬೇಕು ಎಂಬುದೇ ಇತ್ಯರ್ಥವಾಗಿರಲಿಲ್ಲ.

ಹಡಗಿನಲ್ಲಿ ಕುದುರೆ ಮಲಗುವ ಹಾಗಿಲ್ಲ. ಇಕ್ಕಟ್ಟಾದ ಕಟಕಟೆಯಲ್ಲಿ ದಿನಗಟ್ಟಲೆ ನಿಂತೇ ಇರಬೇಕು. ಹಡಗು ಓಲಾಡಿದಾಗ ಕಾಲೂರಿ ತಡೆದುಕೊಳ್ಳಬೇಕು. ಸವಾರನೂ ಅದರ ಜೊತೆ ನಿಂತಿರುತ್ತಾನೆ, ಕಾಲು ಉಜ್ಜುತ್ತಾನೆ, ನೀರು ಕುಡಿಸುತ್ತಾನೆ, ಕಿವಿಯ ಹತ್ತಿರ ಏನಾದರೂ ಮಾತಾಡುತ್ತಿರುತ್ತಾನೆ. ಇಳಿದ ಮೇಲೆ ಮೇವು ಬೇರೆ. ಇಲ್ಲಿ ಹುರುಳಿ ತಿಂದ ಕುದುರೆಗೆ ಅಲ್ಲಿ ಬಾರ್ಲಿ, ಸಣ್ಣಗೆ ಕತ್ತರಿಸಿದ ಒಣಹುಲ್ಲು. ಮೇವು ಬದಲಾದರೆ ಕುದುರೆಗೆ ಹೊಟ್ಟೆನೋವು ಬರುತ್ತದೆ ಎಂಬುದು ಲಾಯದಲ್ಲಿ ಬೆಳೆದ ಯಾರಿಗೂ ಗೊತ್ತು.

1914ರಿಂದ 1918ರ ತನಕ ಅವರು ಏನು ಮಾಡುತ್ತಿದ್ದರು? 1918ರ ಹೈಫಾ ಬಂದರಿನ ಕಾಳಗ ಬಿಟ್ಟು ಬೇರೆ ಏನೂ ಕೇಳುವುದಿಲ್ಲವಲ್ಲ?

ಈ ಪ್ರಶ್ನೆ ಕೇಳುವವರು ಕಡಿಮೆ. ಕೇಳಿದರೆ ನನಗೆ ಸಂತೋಷವಾಗುತ್ತದೆ, ಯಾಕೆಂದರೆ ಆ ಹುಡುಗನ ಚಾಕರಿಯ ಬಹುಪಾಲು ಇಲ್ಲೇ ಇದೆ.

ಮೊದಲು ಸೂಯೆಜ್ ಕಾಲುವೆಯ ಕಾವಲು. 1915ರ ಫೆಬ್ರವರಿ ಮೊದಲ ವಾರ ತುರ್ಕರು ಸೀನಾಯ್ ಮರುಭೂಮಿ ದಾಟಿ ಬಂದು, ದೋಣಿಗಳನ್ನು ಹೊತ್ತು ತಂದು, ಕಾಲುವೆ ದಾಟಲು ನೋಡಿದರು, ಆಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮರಳಿನಲ್ಲಿ ಗಸ್ತು. ರಾತ್ರಿ ಯಾರಾದರೂ ಕಾಲುವೆಗೆ ಮೈನು ಹಾಕಲು ಬಂದರೇ ಎಂದು ಬೆಳಗ್ಗೆ ಮರಳಿನ ಮೇಲೆ ಹೆಜ್ಜೆಗುರುತು ನೋಡುತ್ತ ಹೋಗುವ ಕೆಲಸ. 1915ರ ನವೆಂಬರಿನಲ್ಲಿ ಕಂಟಾರಾ ಹತ್ತಿರ ಮೈಸೂರಿನ ಒಂದು ಸ್ಕ್ವಾಡ್ರನ್ನು (ರಿಸಾಲೆಯ ಒಂದು ತುಕಡಿ) ದಾಳಿಕೋರರ ಗುಂಪನ್ನು ಅಟ್ಟಿಸಿಕೊಂಡು ಹೋಗಿ ಚದುರಿಸಿತು.

1917ರ ನವೆಂಬರಿನಲ್ಲಿ ಗಾಜಾ ಬಿದ್ದಾಗ ಊರನ್ನು ದಾಟಿ ಮುಂದೆ ಬೇತ್ ಹನೂನ್ ಕಡೆ ಧಾವಿಸಿದ ಕುದುರೆ ಪಡೆ ಇವರ ಬ್ರಿಗೇಡೇ, ಅಂದರೆ ಹಲವು ಸಂಸ್ಥಾನಗಳ ರಿಸಾಲೆಗಳು ಕೂಡಿದ ಪಡೆ. ಮುಂದೆ 1918ರ ಬೇಸಿಗೆ ಜೋರ್ಡಾನ್ ಕಣಿವೆಯಲ್ಲಿ. ಅದು ಸಮುದ್ರಮಟ್ಟಕ್ಕಿಂತ ಸಾವಿರ ಅಡಿಗೂ ಹೆಚ್ಚು ತಗ್ಗಿನಲ್ಲಿರುವ ಜಾಗ. ಬಿಸಿಲು, ಹಿಟ್ಟಿನಂಥ ಧೂಳು, ಸೊಳ್ಳೆ. ಕುದುರೆಗಳನ್ನು ನೀರಿಗೆ ಹೊಡೆದುಕೊಂಡು ಹೋದರೆ ಎದ್ದ ಧೂಳು ನೋಡಿ ಶತ್ರು ಗುಂಡು ಹಾರಿಸುತ್ತಿದ್ದ. ಅದೇ ಜುಲೈ 14ರಂದು ಜೋರ್ಡಾನ್ ನದಿಯ ಹಾಯ್ಗಡದ ಹತ್ತಿರ ಜೋಧಪುರ ಸಂಸ್ಥಾನದ ಲ್ಯಾನ್ಸರ್ಸ್‌ನವರೂ ನಮ್ಮವರೂ ಸೇರಿ ಈಟಿ ಹಿಡಿದು ನುಗ್ಗಿದರು. ಹೈಫಾಕ್ಕೆ ಎರಡು ತಿಂಗಳು ಮೊದಲೇ.

ಹೈಫಾದಲ್ಲಿ ನಡೆದದ್ದೇನು?

1918ರ ಸೆಪ್ಟೆಂಬರ್ 19ರಂದು ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಶುರುವಾಯಿತು. ತುರ್ಕರ ಸಾಲು ಒಡೆದ ಕೂಡಲೇ ಕುದುರೆ ಪಡೆ ಆ ಸಂದಿನಲ್ಲಿ ನುಗ್ಗಿ ಹಿಂದಿನಿಂದ ಸುತ್ತುವರಿಯಿತು. ನಾಲ್ಕು ದಿನ ಜೀನು ಇಳಿಸದೆ ನಡೆದ ಕುದುರೆಗಳಿಗೆ ಹೈಫಾ ಬಂದರನ್ನು ಹಿಡಿಯಿರಿ ಎಂಬ ಆಜ್ಞೆ ಬಂತು. ಹೋದದ್ದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡು: ಮೈಸೂರು, ಜೋಧಪುರ. ಅದರಲ್ಲೇ ಸೇರಿದ್ದ ಹೈದರಾಬಾದ್ ಲ್ಯಾನ್ಸರ್ಸ್ ಆ ದಿನ ಬೇರೆ ಕೆಲಸದಲ್ಲಿದ್ದರು.

ಊರಿಗೆ ಹೋಗುವ ದಾರಿಯನ್ನು ಒಮ್ಮೆ ಕಣ್ಣಿಗೆ ತಂದುಕೊಳ್ಳಿ. ಎಡಕ್ಕೆ ಕಾರ್ಮೆಲ್ ಬೆಟ್ಟ, ಕಡಿದಾದ ಕಲ್ಲು ಇಳಿಜಾರು. ಬಲಕ್ಕೆ ಕಿಶೋನ್ ಹೊಳೆ, ಅದರ ದಡವೆಲ್ಲ ಕೆಸರು, ಕಾಲಿಟ್ಟರೆ ಹೂತುಹೋಗುವ ಮರಳು. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ರಸ್ತೆ. ಬೆಟ್ಟದ ಮೇಲೆ ತೋಪು, ಇಳಿಜಾರಿನಲ್ಲಿ ಮೆಷಿನ್ ಗನ್ನು. ರಸ್ತೆಯಲ್ಲಿ ಬಂದವನನ್ನು ಹೊಡೆಯುವುದು ಮೇಲಿದ್ದವನಿಗೆ ಕಷ್ಟವೇ ಅಲ್ಲ.

ಸೆಪ್ಟೆಂಬರ್ 23ರ ಬೆಳಗ್ಗೆ ಗುಂಡು ಬೀಳಲು ಶುರುವಾದಾಗ ಮೈಸೂರಿನ ಒಂದು ಸ್ಕ್ವಾಡ್ರನ್ನನ್ನು ಬೆಟ್ಟದ ಮೇಲಿನ ತೋಪು ಹಿಡಿಯಲು ಕಳಿಸಿದರು. ಅದು ಕುದುರೆ ಹೋಗುವ ದಾರಿಯಲ್ಲ, ಆಡು ಮೇಯುವ ದಾರಿ. ಹತ್ತುತ್ತ ಹತ್ತುತ್ತ ಕುದುರೆಗಳು ಕುಂಟಿದವು. ದಾರಿಯುದ್ದಕ್ಕೂ ಮೆಷಿನ್ ಗನ್ನಿನವರನ್ನು ಅಲ್ಲಲ್ಲಿ ಕೂರಿಸಬೇಕಾಯಿತು. ಕೊನೆಗೆ ತೋಪಿನ ಮೇಲೆ ಈಟಿ ಹಿಡಿದು ನುಗ್ಗುವ ಹೊತ್ತಿಗೆ ಕುದುರೆ ಮೇಲೆ ಉಳಿದಿದ್ದವರು 15 ಜನ. ಅವರು ನುಗ್ಗಿದರು, ತೋಪು ಸಿಕ್ಕಿತು.

ಮಧ್ಯಾಹ್ನ 2 ಗಂಟೆಗೆ ಕೆಳಗೆ ಜೋಧಪುರದವರು ಹೊರಟರು. ಹೊಳೆ ದಾಟಲು ಆಗಲಿಲ್ಲ, ಮುಂದಿದ್ದ ಕುದುರೆಗಳು ಕೆಸರಿನಲ್ಲಿ ಸಿಕ್ಕಿಕೊಂಡವು. ಗುಂಡಿನ ಮಳೆಯ ನಡುವೆಯೇ ಎಡಕ್ಕೆ ಹೊರಳಿ ಬೆಟ್ಟದ ಬುಡದ ಮೆಷಿನ್ ಗನ್ನುಗಳ ಮೇಲೆ ಬಿದ್ದರು. ಅವರ ಮುಂದಾಳು ಮೇಜರ್ ದಳಪತ್ ಸಿಂಗ್ ಅಲ್ಲಿಯೇ ಮಡಿದರು. ಅವರಿಗೆ ಗುಂಡಿನ ಆಸರೆ ಕೊಡುತ್ತಿದ್ದ ಮೈಸೂರಿನ ಉಳಿದ ಸ್ಕ್ವಾಡ್ರನ್ನುಗಳು ಅವರ ಬೆನ್ನಿಗೇ ಊರೊಳಗೆ ಹೋದವು. ಸಂಜೆಯ ಹೊತ್ತಿಗೆ ಹೈಫಾ ಕೈಸೇರಿತ್ತು: 1,350 ಸೆರೆಯಾಳು, 17 ತೋಪು, 11 ಮೆಷಿನ್ ಗನ್ನು.

ಮೆಷಿನ್ ಗನ್ನಿನ ಎದುರು ಈಟಿ ಹಿಡಿದು ಗೆದ್ದದ್ದು ಹೇಗೆ?

ವೇಗದಿಂದ. ಓಡುವ ಕುದುರೆ ನಿಮಿಷಕ್ಕೆ ಕ್ರಮಿಸುವ ದೂರವನ್ನು ಗುರಿಯಿಡುವವನು ಲೆಕ್ಕ ಹಾಕುವಷ್ಟರಲ್ಲಿ ಅದು ಅವನ ಮುಂದೆ ನಿಂತಿರುತ್ತದೆ. ಎಂಟೊಂಬತ್ತು ಅಡಿಯ ಬಿದಿರಿನ ಗಳು, ತುದಿಗೆ ಉಕ್ಕಿನ ಮೊನೆ. ಅದು ಮೈಗೆ ತಾಗುವುದಕ್ಕಿಂತ ಮೊದಲು ಅದರ ಭಯ ಎದೆಗೆ ತಾಗುತ್ತದೆ. ಜೊತೆಗೆ ಹಿಂದಿನಿಂದ ತೋಪಿನವರು, ಬದಿಯಿಂದ ಮೆಷಿನ್ ಗನ್ನಿನವರು ಶತ್ರುವನ್ನು ತಲೆಯೆತ್ತದ ಹಾಗೆ ಇಟ್ಟಿದ್ದರು. ‘ಬರೀ ಈಟಿಯಿಂದ ಗೆದ್ದರು’ ಎನ್ನುವುದು ಕೇಳಲು ಚೆಂದ. ಆದರೆ ಬೆಟ್ಟ ಹತ್ತುವಾಗ ದಾರಿಯಲ್ಲಿ ಕುಳಿತು ಗುಂಡು ಹಾರಿಸಿದವರನ್ನು ಅದು ಮರೆಸುತ್ತದೆ.

ಬೆಲೆ ತೆತ್ತದ್ದು ಹೆಚ್ಚಾಗಿ ಕುದುರೆಗಳು. ಸತ್ತ ಕುದುರೆ 60, ಗಾಯಗೊಂಡದ್ದು 83. ಜನರಲ್ಲಿ ಮಡಿದವರು 8, ಗಾಯಾಳು 34.

ಹಾಗಾದರೆ ನಮ್ಮ ಹುಡುಗ ಆ 8 ಜನರಲ್ಲಿ ಒಬ್ಬನೇ?

ಹೆಚ್ಚಿನ ಮನೆಗಳ ಉತ್ತರ: ಅಲ್ಲ. ನಮ್ಮ ಮನೆಯದೂ ಅದೇ.

ನಾನು ಅವನ ಹೆಸರು ಹುಡುಕಿ ತೆಗೆದ ದಿನ ಮೊದಲು ನೋಡಿದ್ದು ತಾರೀಖನ್ನು. ಸೆಪ್ಟೆಂಬರ್ 23 ಎಂದು ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಅಕ್ಟೋಬರ್ ಎರಡನೇ ವಾರದ ಒಂದು ದಿನ. ಓದಿದ್ದು ತಪ್ಪೇನೋ ಎಂದು ಮತ್ತೆ ಮತ್ತೆ ನೋಡಿದೆ. ಆ ವಾರ ಅವರ ಬ್ರಿಗೇಡು ಎಲ್ಲೂ ಕಾದಾಡಲಿಲ್ಲ. ಡಮಾಸ್ಕಸ್ ಅಕ್ಟೋಬರ್ 1ರಂದೇ ಬಿದ್ದಿತ್ತು. ಪಡೆ ಉತ್ತರಕ್ಕೆ ಹೋಮ್ಸ್ ಕಡೆ ನಡೆದು ಹೋಗುತ್ತಿತ್ತು. ತೋಪೂ ಇಲ್ಲ, ನುಗ್ಗುವುದೂ ಇಲ್ಲ.

ಹಾಗಿದ್ದರೆ ಏನು? ಜ್ವರ. ಆ ಅಕ್ಟೋಬರಿನಲ್ಲಿ ಅಲೆನ್‌ಬಿಯ ಕುದುರೆ ಪಡೆಯನ್ನು ಗುಂಡಿಗಿಂತ ಹೆಚ್ಚು ಕೆಡವಿದ್ದು ಮಲೇರಿಯಾ ಮತ್ತು ಆ ವರ್ಷ ಲೋಕವನ್ನೆಲ್ಲ ಹಿಡಿದ ಇನ್‌ಫ್ಲುಯೆಂಜಾ. ಒಂದು ಇಡೀ ಡಿವಿಜನ್ನು ಮುಂದೆ ಹೋಗಲಾರದಷ್ಟು ನೆಲ ಹಿಡಿಯಿತು. ಕಾರಣವೂ ಸ್ಪಷ್ಟ. ಬ್ರಿಟಿಷರು ತಮ್ಮ ಕೈಯಲ್ಲಿದ್ದ ಕಡೆ ಜೌಗು ಬತ್ತಿಸಿ, ಹಳ್ಳ ಚೊಕ್ಕ ಮಾಡಿ ಸೊಳ್ಳೆಯನ್ನು ಒಂದು ಮಟ್ಟಕ್ಕೆ ಹಿಡಿದಿಟ್ಟಿದ್ದರು. ಸೆಪ್ಟೆಂಬರ್ 19ರ ನಂತರ ಪಡೆ ದಾಟಿ ಹೋದದ್ದು ಅಂಥ ಯಾವ ಕೆಲಸವೂ ಆಗದ ನೆಲಕ್ಕೆ. ಸೊಳ್ಳೆ ಕಚ್ಚಿ ಹತ್ತು ಹದಿನಾಲ್ಕು ದಿನಕ್ಕೆ ಜ್ವರ ಏಳುತ್ತದೆ. ಅಕ್ಟೋಬರ್ ಮೊದಲ ವಾರದಲ್ಲಿ ಮಲಗಿದವನಿಗೆ ಕಚ್ಚಿದ್ದು ಸೆಪ್ಟೆಂಬರ್ ಕೊನೆಯಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಹುಡುಗ ಎಲ್ಲಿದ್ದ? ಕಿಶೋನ್ ಹೊಳೆಯ ಕೆಸರಿನ ಪಕ್ಕದಲ್ಲಿ, ಹೈಫಾದಲ್ಲಿ.

ಇದನ್ನು ತಿಳಿದ ದಿನ ನಾನು ತಂದೆಯವರಿಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅಜ್ಜಿ ಹೇಳಿದ್ದು ಸುಳ್ಳಲ್ಲ ಕಣಪ್ಪ, ಆ ಯುದ್ಧದಲ್ಲೇ ಹೋದ. ನಿಧಾನಕ್ಕೆ ಹೋದ, ಅಷ್ಟೆ” ಅಂದರು.

ಜ್ವರದಿಂದ ಸತ್ತವನನ್ನು ಯುದ್ಧದಲ್ಲಿ ಮಡಿದವ ಅನ್ನಬಹುದೇ?

ಅನ್ನಬೇಕು. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಗುಂಡಿಗೆ ಬಿದ್ದವನಿಗೂ ಜ್ವರಕ್ಕೆ ಬಿದ್ದವನಿಗೂ ವ್ಯತ್ಯಾಸ ಮಾಡುವುದಿಲ್ಲ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ಒಳಗೆ ಸೇವೆಯಲ್ಲಿದ್ದು ಸತ್ತವರೆಲ್ಲ ಅವರ ಲೆಕ್ಕದಲ್ಲಿ ಒಂದೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಒಂದು ಮನೆಯವರು ತಮ್ಮ ಮುತ್ತಾತ ಆಸ್ಪತ್ರೆಯಲ್ಲಿ ಸತ್ತದ್ದು ತಿಳಿದ ಮೇಲೆ ಗೋಡೆಯಿಂದ ಅವನ ಪದಕದ ಚೌಕಟ್ಟನ್ನೇ ಇಳಿಸಿದರು. ನಾಲ್ಕು ವರ್ಷ ಮರಳಿನಲ್ಲಿ ಗಸ್ತು ತಿರುಗಿ, ಕುದುರೆಯನ್ನು ಬದುಕಿಸಿಕೊಂಡು, ಮೈಸುಡುವ ಜ್ವರದಲ್ಲಿ ಭಾಷೆ ಬಾರದ ದೇಶದ ಡೇರೆಯಲ್ಲಿ ಪ್ರಾಣ ಬಿಟ್ಟ ಹುಡುಗ ಅವನು. ಕೂತು ಮಾತಾಡಿದ ಮೇಲೆ ಚೌಕಟ್ಟು ಮತ್ತೆ ಗೋಡೆಗೆ ಬಂತು.

ಹೈಫಾದ ನಂತರ ಮತ್ತೆ ಕಾದಾಟ ನಡೆಯಿತೇ?

ನಡೆಯಿತು. ಅಕ್ಟೋಬರ್ 26ರಂದು ಅಲೆಪ್ಪೋ ಊರಾಚೆ ಹರಿತಾನ್ ಎಂಬಲ್ಲಿ. ಹಿಂದೆ ಸರಿಯುತ್ತಿದ್ದ ತುರ್ಕರ ಹಿಂಪಡೆ ಸಣ್ಣದಿರಬೇಕು ಎಂದು ಮೈಸೂರಿನವರು ಮುಂದಾಗಿ ನುಗ್ಗಿದರು, ಜೋಧಪುರದವರು ಜೊತೆಯಾದರು. ಎದುರಿಗಿದ್ದವರು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು. ಹೈಫಾಕ್ಕಿಂತ ಹೆಚ್ಚು ಜನ ಬಿದ್ದದ್ದು ಇಲ್ಲಿ. ತುರ್ಕರ ಜೊತೆಗಿನ ಯುದ್ಧ ನಿಲ್ಲಿಸಿದ ಮುದ್ರೋಸ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಅಕ್ಟೋಬರ್ 30ರಂದು, ಬರೀ ನಾಲ್ಕು ದಿನಕ್ಕೆ. ನಿಮ್ಮವನ ತಾರೀಖು ಅಕ್ಟೋಬರ್ 26 ಎಂದಿದ್ದರೆ ಹರಿತಾನ್ ಎಂದೇ ತಿಳಿಯಬಹುದು. ಹೈಫಾಕ್ಕೆ ಇರುವ ಹೆಸರು ಹರಿತಾನಿಗೆ ಇಲ್ಲ. ಅದು ನನಗೆ ತುಂಬ ನೋವಿನ ಸಂಗತಿ.

ಸೆಪ್ಟೆಂಬರ್ 19ರಿಂದ ಹರಿತಾನ್ ದಿನದ ತನಕ ಇವರ ಬ್ರಿಗೇಡು ಸೇರಿದ್ದ ಡಿವಿಜನ್ನು ನಡೆದದ್ದು ಐನೂರು ಮೈಲಿಗೂ ಹೆಚ್ಚು, ಅದೇ ಕುದುರೆಗಳ ಮೇಲೆ.

ಅವನ ಸಮಾಧಿ ಎಲ್ಲಿದೆ? ಹೋಗಿ ನೋಡಬಹುದೇ?

ಇದು ಮನೆಯ ಹೆಣ್ಣುಮಕ್ಕಳು ಮೊದಲು ಕೇಳುವ ಪ್ರಶ್ನೆ. ಹಿಂದೂ, ಸಿಖ್ ಸೈನಿಕರನ್ನು ಸಾಧ್ಯವಾದ ಕಡೆ ದಹನ ಮಾಡುತ್ತಿದ್ದರು, ಮುಸ್ಲಿಮರನ್ನು ದಫನ ಮಾಡುತ್ತಿದ್ದರು. ಹಾಗಾಗಿ ಎಷ್ಟೋ ಜನರಿಗೆ ಗೋರಿಕಲ್ಲು ಇಲ್ಲ, ಫಲಕದ ಮೇಲೆ ಹೆಸರು ಮಾತ್ರ ಇದೆ. ಹೈಫಾದಲ್ಲಿ ಭಾರತೀಯ ಸೈನಿಕರದೇ ಒಂದು ಸ್ಮಶಾನವಿದೆ. 2017ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿ ಅಲ್ಲಿಗೆ ಹೋಗಿ ನಮಿಸಿದ್ದರಿಂದ ಅದರ ಹೆಸರು ಈಗ ಹಲವರಿಗೆ ಗೊತ್ತು. ಜೆರುಸಲೇಮಿನಲ್ಲೂ ಒಂದಿದೆ.

ಗುರುತಿನ ಸಮಾಧಿ ಇಲ್ಲದೆ ಈಜಿಪ್ಟ್, ಪ್ಯಾಲೆಸ್ತೀನಿನಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರ ಸ್ಮಾರಕ ಮೊದಲು ಸೂಯೆಜ್ ಕಾಲುವೆಯ ಬಾಯಲ್ಲಿ, ಪೋರ್ಟ್ ತೌಫೀಕ್‌ನಲ್ಲಿ ಇತ್ತು. 1926ರಲ್ಲಿ ಕಟ್ಟಿದ್ದು, ಮುಂದೆ ಎರಡು ಕಲ್ಲಿನ ಹುಲಿಗಳು. 1967ರಿಂದ 1973ರ ನಡುವಿನ ಈಜಿಪ್ಟ್, ಇಸ್ರೇಲ್ ಯುದ್ಧಗಳಲ್ಲಿ ಅದು ಜಖಂ ಆಗಿ ಕೆಡವಬೇಕಾಯಿತು. ಈಗ ಆ ಹೆಸರುಗಳು ಕೈರೋದ ಹೀಲಿಯೋಪೊಲಿಸ್ ಯುದ್ಧ ಸ್ಮಶಾನದಲ್ಲಿವೆ. ನಮ್ಮವನ ಹೆಸರೂ ಅಲ್ಲೇ. ಒಬ್ಬ ಹುಡುಗನ ಹೆಸರು ಎರಡು ಸಲ ಯುದ್ಧ ಕಂಡಿತು.

ಹೆಸರು ಹುಡುಕುವುದು ಹೇಗೆ? ಎಷ್ಟು ಹುಡುಕಿದರೂ ಸಿಗುತ್ತಿಲ್ಲ.

ಕಮಿಷನ್ನಿನ ಜಾಲತಾಣದಲ್ಲಿ ಹುಡುಕಬಹುದು, ಹಣ ಕೊಡಬೇಕಿಲ್ಲ. ಆದರೆ ಹೆಸರಿನಿಂದ ಶುರು ಮಾಡಿದರೆ ಸೋಲುತ್ತೀರಿ. ಕನ್ನಡದ, ದಖನಿಯ, ಮರಾಠಿಯ ಹೆಸರನ್ನು ಒಬ್ಬ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದ, ಇನ್ನೊಬ್ಬ ಅದನ್ನು ನೋಡಿ ಬೆರಳಚ್ಚು ಮಾಡಿದ. ‘ಳ’ ಇಲ್ಲ, ‘ಣ’ ಇಲ್ಲ, ಒತ್ತಕ್ಷರ ಹೋಗಿರುತ್ತದೆ. ಹೆಸರಿನ ಜಾಗ ಖಾಲಿ ಬಿಟ್ಟು ರೆಜಿಮೆಂಟಿನ ಹೆಸರು ಹಾಕಿ ಹುಡುಕಿ, ಬಂದ ಪಟ್ಟಿಯನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ. ಕಣ್ಣಿಗೆ ಗುರುತಾಗದ ಹೆಸರು ಕಿವಿಗೆ ಗುರುತಾಗುತ್ತದೆ. ನಮ್ಮವನು ಸಿಕ್ಕಿದ್ದೇ ಹಾಗೆ, ಅಮ್ಮ ಅಡುಗೆಮನೆಯಿಂದ “ಅದೇ ಅದೇ, ಇನ್ನೊಂದ್ಸಲ ಓದು” ಅಂದಾಗ.

ಕೆಲವರ ಹೆಸರಿನ ಜೊತೆ ತಂದೆಯ ಹೆಸರು, ಊರು ಇರುತ್ತದೆ. ಇದ್ದರೆ ಅದೃಷ್ಟ. ವಯಸ್ಸು ಎಷ್ಟೋ ಕಡೆ ಬರೆದಿರುವುದಿಲ್ಲ. ‘ಎಳೆಯ’ ಎಂದು ನಾವು ಹೇಳುವುದೆಲ್ಲ ಮನೆಯ ಲೆಕ್ಕ: ಅಣ್ಣನಿಗಿಂತ ಎಷ್ಟು ಚಿಕ್ಕವನು, ಮದುವೆ ಆಗಿತ್ತೇ, ಮೀಸೆ ಬಂದಿತ್ತೇ. ಇನ್ನೂ ಆಳಕ್ಕೆ ಹೋಗುವವರಿಗೆ ಬ್ರಿಗೇಡಿನ ಯುದ್ಧ ದಿನಚರಿ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಸಂಸ್ಥಾನದ ಕಾಗದಪತ್ರಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ದಿನಚರಿಯಲ್ಲಿ ಸವಾರನ ಹೆಸರು ಅಪರೂಪ. ಆದರೆ ಅವನು ಸತ್ತ ದಿನ ಪಡೆ ಯಾವ ಊರಿನಲ್ಲಿತ್ತು, ನೀರು ಸಿಕ್ಕಿತೇ, ಎಷ್ಟು ಜನ ಆಸ್ಪತ್ರೆ ಸೇರಿದರು ಎಂಬಂಥ ಮಾತು ಅಲ್ಲಿ ಸಿಗುತ್ತದೆ.

ಪದಕದ ಮೇಲೆ ಏನು ನೋಡಬೇಕು?

ಬೆಳ್ಳಿಯದಾದರೆ ಅದು ಬ್ರಿಟಿಷ್ ವಾರ್ ಮೆಡಲ್. ಒಂದು ಬದಿಗೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಗೆ ಕುದುರೆಯ ಮೇಲೆ ಕುಳಿತ ಬರಿಮೈಯ ಮನುಷ್ಯ, ಕುದುರೆಯ ಕಾಲ ಕೆಳಗೆ ಹದ್ದಿನ ಗುರಾಣಿ. ಇದು ಎಲ್ಲ ಪಡೆಯವರಿಗೂ ಕೊಟ್ಟ ಒಂದೇ ಚಿತ್ರ. ನಾವು ಮಕ್ಕಳಾಗಿದ್ದಾಗ ಅದು ನಮ್ಮ ಮುತ್ತಾತನೇ ಎಂದು ನಂಬಿದ್ದೆವು, ಅಂಗಿ ಯಾಕೆ ಹಾಕಿಲ್ಲ ಎಂದು ಅಜ್ಜಿಯನ್ನು ಕೇಳುತ್ತಿದ್ದೆವು.

ಮುಖ್ಯವಾದದ್ದು ಅಂಚು. ಪದಕವನ್ನು ಅಡ್ಡ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ತಿರುಗಿಸುತ್ತ ಹೋಗಿ. ನಂಬರು, ದರ್ಜೆ, ಹೆಸರು, ಪಡೆ, ಇಷ್ಟೂ ಅಲ್ಲಿ ಕೆತ್ತಿರುತ್ತದೆ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ದಮ್ಮಯ್ಯ, ಉಜ್ಜಲೇಬೇಡಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಫಳಫಳ ಹೊಳೆಸಿ ಅಂಚಿನ ಅಕ್ಷರವೇ ಸವೆದುಹೋದ ಪದಕಗಳನ್ನು ಕಂಡಿದ್ದೇನೆ.

ಅಂಗೈಯಗಲದ ಕಂಚಿನ ಬಿಲ್ಲೆ ಇದ್ದರೆ ಅದು ಸತ್ತವರ ಮನೆಗೆ ಮಾತ್ರ ಕಳಿಸಿದ್ದು. ಸುಮಾರು 12 ಸೆಂಟಿಮೀಟರ್ ಅಗಲ, ಬ್ರಿಟಾನಿಯಾ ದೇವಿ, ಸಿಂಹ. ಅದರ ಮೇಲೆ ದರ್ಜೆ ಇರುವುದಿಲ್ಲ, ಹೆಸರು ಮಾತ್ರ. ಸತ್ತ ಮೇಲೆ ಜನರಲ್ ಆದವನೂ ಸವಾರನೂ ಒಂದೇ ಎಂದು ಬೇಕೆಂದೇ ಹಾಗೆ ಮಾಡಿದ್ದು. ನಮ್ಮ ಮನೆಯಲ್ಲಿ ಅದನ್ನು ಬಹಳ ಕಾಲ ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದ್ದರಂತೆ. ಅದನ್ನು ತಪ್ಪೆನ್ನಲಾರೆ. ಅಲ್ಲಿ ಬರೆದದ್ದನ್ನು ಓದಬಲ್ಲವರು ಆಗ ಮನೆಯಲ್ಲಿ ಯಾರಿದ್ದರು?

ದೆಹಲಿಯ ತೀನ್ ಮೂರ್ತಿಗೂ ಮೈಸೂರಿಗೂ ಏನು ಸಂಬಂಧ?

ಆ ಮೂರು ಕಂಚಿನ ಮೂರ್ತಿಗಳು ಹೈದರಾಬಾದ್, ಜೋಧಪುರ, ಮೈಸೂರು ಲ್ಯಾನ್ಸರ್ಸ್‌ನವರದು. ಲಿಯೊನಾರ್ಡ್ ಜೆನಿಂಗ್ಸ್ ಎಂಬ ಶಿಲ್ಪಿ ಮಾಡಿದ್ದು, 1922ರಲ್ಲಿ ನಿಲ್ಲಿಸಿದ್ದು. ನೆಹರೂ ಅವರು ಇದ್ದ ಮನೆಗೆ ತೀನ್ ಮೂರ್ತಿ ಭವನ ಎಂಬ ಹೆಸರು ಬಂದದ್ದು ಇವರಿಂದಲೇ. 2018ರ ಜನವರಿಯಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು.

ಬೆಂಗಳೂರಿನಲ್ಲಿ ಇವರ ನೆನಪಿಗೆ ಏನಾದರೂ ಇದೆಯೇ?

ಜೆ.ಸಿ. ನಗರದಲ್ಲಿ ಕಲ್ಲಿನ ಸ್ಮಾರಕಸ್ತಂಭ ಇದೆ. ಮಡಿದವರ ಹೆಸರುಗಳು ಅಲ್ಲಿವೆ. ಸೆಪ್ಟೆಂಬರ್ 23ರಂದು ಸವಾರರ ಮನೆಯವರು, ಮಾಜಿ ಸೈನಿಕರು ಬಂದು ಹೂಗುಚ್ಛ ಇಡುತ್ತಾರೆ. ನೀವು ಬೇರೆ ಯಾವ ದಿನ ಹೋದರೂ ಆಗುತ್ತದೆ. ಬೆಳಗ್ಗೆ ಬೇಗ ಹೋಗಿ, ಅಕ್ಷರ ಓದಲು ಆ ಹೊತ್ತಿನ ಬೆಳಕು ಚೆನ್ನ.

ರೆಜಿಮೆಂಟು ಈಗಲೂ ಇದೆಯೇ?

ಮೈಸೂರು ಲ್ಯಾನ್ಸರ್ಸ್ ಎಂಬ ಹೆಸರಿನಲ್ಲಿ ಇಲ್ಲ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 1953ರಲ್ಲಿ ಒಂದೇ ರೆಜಿಮೆಂಟು ಮಾಡಿದರು. ಅದೇ ಇಂದಿನ 61ನೇ ಕ್ಯಾವಲ್ರಿ, ಜೈಪುರದಲ್ಲಿದೆ. ಅವರು ಪ್ರತಿ ವರ್ಷ ಹೈಫಾ ದಿನ ಆಚರಿಸುತ್ತಾರೆ.

ಅದು ಬ್ರಿಟಿಷರ ಯುದ್ಧ. ನಾವು ಯಾಕೆ ನೆನೆಯಬೇಕು?

ಯುದ್ಧ ಬ್ರಿಟಿಷರದು, ನಿಜ. ಸಾಮ್ರಾಜ್ಯಕ್ಕಾಗಿ ಸತ್ತರು ಎಂಬುದನ್ನು ಮರೆಮಾಚಬೇಕಿಲ್ಲ. ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000. ಆದರೆ ಹುಡುಗ ನಮ್ಮವನು. ಅವನನ್ನು ಕಾದು ಕುಳಿತ ಅವ್ವ ನಮ್ಮವಳು. ಯಾರ ಪರವಾಗಿ ಕಾದಾಡುತ್ತೀಯ ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನನ್ನು ನೆನೆಯುವುದು ಬೇರೆ, ಆ ಯುದ್ಧವನ್ನು ಹೊಗಳುವುದು ಬೇರೆ.

ಸ್ಮಾರಕದ ದಾಖಲೆಯಲ್ಲಿ ಹೆಸರು ಅಥವಾ ಊರು ತಪ್ಪಾಗಿದ್ದರೆ ತಿದ್ದಿಸಬಹುದೇ?

ತಿದ್ದಿಸಬಹುದು. ಕಮಿಷನ್ನಿಗೆ ಬರೆಯಬೇಕು. ಅವರು ಕೇಳುವುದು ಆ ಕಾಲದ ಲಿಖಿತ ಪುರಾವೆ. ಮನೆಯ ಮಾತು ಸಾಲದು. ಪದಕದ ಅಂಚಿನ ಫೋಟೋ, ಪಿಂಚಣಿ ಕಾಗದ, ಊರಿನ ಹಳೆಯ ಖಾತೆ ಇಂಥವು ಬೇಕು. ಫೋಟೋ ತೆಗೆಯುವಾಗ ಪದಕವನ್ನು ಒಂದು ಬಿಳಿ ಹಾಳೆಯ ಮೇಲೆ ನಿಲ್ಲಿಸಿ, ಸುತ್ತ ತಿರುಗಿಸುತ್ತ ಆರೆಂಟು ಚಿತ್ರ ತೆಗೆಯಿರಿ. ಒಂದೇ ಚಿತ್ರದಲ್ಲಿ ಇಡೀ ಸಾಲು ಬರುವುದಿಲ್ಲ.

ನಮ್ಮವನ ಊರಿನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿ, ಹಳ್ಳಿ ಎಂಬುದು ಇನ್ನೇನೋ ಆಗಿದೆ. ಹೋದ ತಿಂಗಳು ಫೋಟೋಗಳನ್ನೂ ಊರಿನ ಖಾತೆಯ ನಕಲನ್ನೂ ಕಳಿಸಿದ್ದೇವೆ. ಅರ್ಜಿಯಲ್ಲಿ ‘ಸತ್ತವರಿಗೆ ನೀವು ಏನಾಗಬೇಕು’ ಎಂಬ ಜಾಗ ಬಂದಾಗ ತಂದೆಯವರು ಪೆನ್ನು ಇಸಿದುಕೊಂಡು, ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೋ ತಿಳಿಯದೆ, ಕನ್ನಡದಲ್ಲಿಯೇ ಬರೆದರು: ಮೊಮ್ಮಗ.